ಬಡಿತದ ತಾಳ ಸರಿಪಡಿಸುವ ಚಿಕಿತ್ಸೆಗೆ ಮೂತ್ರದ ಟ್ಯೂಬ್ ಹಾಕಲೇಬೇಕೇ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಅಪ್ಪನಿಗೆ 68 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಎದೆಬಡಿತ ಆಗಾಗ ತಾಳ ತಪ್ಪುತ್ತಿತ್ತು. ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೇಳಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಬ್ಲೇಶನ್‌ಗೆ ದಿನ ಕೊಟ್ಟಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಎಪಿಕ್ಸಾಬಾನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಿಂದೆ ಹರ್ನಿಯಾ ಆಪರೇಷನ್ನಿಗೆ ಮೂತ್ರದ ಟ್ಯೂಬ್ ಹಾಕಿದಾಗ ರಕ್ತ ಬಂದಿತ್ತು. ತೆಗೆದ ಮೇಲೆ ಮೂತ್ರ ಕಟ್ಟಿ ಮತ್ತೆ ಹಾಕಬೇಕಾಯಿತು. ಈ ಸಲವೂ ಟ್ಯೂಬ್ ಹಾಕುತ್ತೇವೆ, ಎಲ್ಲರಿಗೂ ಹಾಕುತ್ತೇವೆ ಎಂದಿದ್ದಾರೆ. ಟ್ಯೂಬ್ ಹಾಕುವುದಾದರೆ ಚಿಕಿತ್ಸೆಯೇ ಬೇಡ ಎಂದು ಅಪ್ಪ ಹಟ ಹಿಡಿದಿದ್ದಾರೆ. ಅದಿಲ್ಲದೆ ಮಾಡಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಅಬ್ಲೇಶನ್ ಎಂದರೆ ತೊಡೆಯ ರಕ್ತನಾಳದಿಂದ ಹೃದಯಕ್ಕೆ ತಂತಿ ಕಳಿಸಿ, ತಾಳ ಕೆಡಿಸುವ ಜಾಗವನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ಸುಮ್ಮನಾಗಿಸುವ ಚಿಕಿತ್ಸೆ. ಅದಕ್ಕೆ ಬರುವ ಹೆಚ್ಚಿನವರಿಗೆ ಮೂತ್ರದ ಟ್ಯೂಬ್ ಬೇಕಾಗುವುದಿಲ್ಲ. ‘ಎಲ್ಲರಿಗೂ ಹಾಕುತ್ತೇವೆ’ ಎಂಬುದು ಕಾರಣವಲ್ಲ, ರೂಢಿ. ಟ್ಯೂಬ್ ಹಾಕುವುದಾದರೆ ಈ ರೋಗಿಗೆ ಯಾಕೆ ಬೇಕು ಎಂದು ಹೇಳುವಂಥ ಕಾರಣವೊಂದು ಇರಬೇಕು. ಆದರೆ ನಿಮ್ಮ ತಂದೆಯವರಿಗೆ ಪ್ರಾಸ್ಟೇಟ್ ತೊಂದರೆ ಇದೆ, ಒಮ್ಮೆ ಮೂತ್ರ ಕಟ್ಟಿಯೂ ಇದೆ. ಹಾಗಾಗಿ ‘ಹಾಕಬೇಡಿ’ ಎಂದಷ್ಟೇ ಹೇಳಿ ಬಂದರೆ ಸಾಲದು. ಹಾಕದೆ ಹೇಗೆ ನಿಭಾಯಿಸುವುದು, ಮೂತ್ರ ಕಟ್ಟಿದರೆ ಏನು ಮಾಡುವುದು ಎಂಬುದು ಮುಂಚಿತವಾಗಿಯೇ ತೀರ್ಮಾನವಾಗಬೇಕು. ಆ ಮಾತುಕತೆ ನಡೆದರೆ ಅವರು ಚಿಕಿತ್ಸೆಯನ್ನೇ ಕೈಬಿಡುವ ಅಗತ್ಯ ಬರುವುದಿಲ್ಲ.

ಈ ರೂಢಿ ಬೆಳೆದದ್ದಕ್ಕೆ ಒಂದು ಹಿನ್ನೆಲೆ ಇದೆ. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ, ಅಂದರೆ ಹೃದಯದ ಎಡ ಮೇಲ್ಕೋಣೆಗೆ, ರಕ್ತ ತರುವ ಅಭಿಧಮನಿಗಳ ಬಾಯಿಯಿಂದಲೇ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚಾಗಿ ಹೊರಡುತ್ತದೆ ಎಂದು ಫ್ರಾನ್ಸಿನ ಬೋರ್ಡೋದ ತಂಡ 1998ರಲ್ಲಿ ತೋರಿಸಿಕೊಟ್ಟಿತು. ಅಲ್ಲಿಂದ ಮುಂದೆ ಆ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕುವ ಚಿಕಿತ್ಸೆ ಹರಡಿತು. ಆರಂಭದ ವರ್ಷಗಳಲ್ಲಿ ಒಬ್ಬ ರೋಗಿಗೆ ನಾಲ್ಕೈದು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಜೊತೆಗೆ ಸುಡುವ ತಂತಿಯ ತುದಿಯನ್ನು ತಂಪಾಗಿಡಲು ಅದರ ತೂತುಗಳ ಮೂಲಕ ಸಲೈನ್ ಸತತವಾಗಿ ಹರಿಯಬೇಕು. ಇಲ್ಲದಿದ್ದರೆ ತುದಿಯಲ್ಲಿ ರಕ್ತ ಕರಟಿ ಅಂಟಿಕೊಳ್ಳುತ್ತದೆ, ಆ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೀಗೆ ಹರಿಸಿದ ನೀರೆಲ್ಲ ಹೃದಯದೊಳಕ್ಕೇ ಹೋಗುತ್ತದೆ.

ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಟ್ಯೂಬಿನ ವಾದ ಅರ್ಥವಾಗುತ್ತದೆ. ಹಳೆಯ ಮಾದರಿಯ ತಂತಿಯಲ್ಲಿ ಸುಡುವಾಗ ನಿಮಿಷಕ್ಕೆ 30 ಮಿಲಿ, ಸುಮ್ಮನಿರುವಾಗ 2 ಮಿಲಿ ಹರಿವು ಇರುತ್ತದೆ. ಒಟ್ಟು 35 ನಿಮಿಷ ಸುಟ್ಟರೆ 1050 ಮಿಲಿ. ಉಳಿದ 100 ನಿಮಿಷಕ್ಕೆ ಇನ್ನೊಂದು 200. ತೊಡೆಯಿಂದ ಹೃದಯದವರೆಗೆ ಹೋಗುವ ಕೊಳವೆಗಳನ್ನು ತೊಳೆಯುತ್ತಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ನೀರು, ಅರಿವಳಿಕೆಯವರ ಡ್ರಿಪ್ ಎಲ್ಲ ಸೇರಿ ಎರಡು ಲೀಟರಿನ ಹತ್ತಿರ ಬರುತ್ತದೆ. ಸಲೈನ್ ಎಂದರೆ ಬರೀ ನೀರಲ್ಲ. ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿದೆ. ಮನೆಯಲ್ಲಿ ಉಪ್ಪಿನಕಾಯಿ ಮುಟ್ಟಬೇಡಿ ಎಂದು ನಾವು ಹೇಳುವ ರೋಗಿಗೇ ಒಂದು ಬೆಳಗ್ಗೆಯಲ್ಲಿ ಇಷ್ಟು ಉಪ್ಪು ರಕ್ತನಾಳದ ಮೂಲಕ ಒಳಗೆ ಹೋಗುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಅದೇ ರಾತ್ರಿ ಉಬ್ಬಸ ಬರುವುದಕ್ಕೆ ಇದೂ ಒಂದು ಕಾರಣ.

ಈಗ ಚಿತ್ರ ಬದಲಾಗಿದೆ. ತುದಿಯಲ್ಲಿ ಸಣ್ಣ ಸಣ್ಣ ತೂತುಗಳು ಹೆಚ್ಚಿರುವ ಹೊಸ ತಂತಿಗಳಿಗೆ ನಿಮಿಷಕ್ಕೆ 8ರಿಂದ 15 ಮಿಲಿ ಸಾಕು. ಹೆಚ್ಚು ಶಕ್ತಿಯಲ್ಲಿ ಸ್ವಲ್ಪ ಹೊತ್ತು ಸುಡುವ ಪದ್ಧತಿಯಿಂದ ಒಟ್ಟು ಸುಡುವ ಸಮಯವೂ ಇಳಿದಿದೆ. 20 ನಿಮಿಷ ಸುಟ್ಟರೂ ತುದಿಯಿಂದ ಹೋಗುವುದು 300 ಮಿಲಿ. ಕ್ರಯೋಬಲೂನ್, ಅಂದರೆ ಹೆಪ್ಪುಗಟ್ಟಿಸುವ ಬಲೂನ್ ಬಳಸಿದರೆ ತುದಿಯನ್ನು ತಂಪು ಮಾಡುವ ನೀರಿನ ಪ್ರಶ್ನೆಯೇ ಇಲ್ಲ. ಪಲ್ಸ್ಡ್ ಫೀಲ್ಡ್ ಎಂಬ ವಿದ್ಯುತ್ ಮಿಡಿತದ ವಿಧಾನದಲ್ಲಿ ಕೆಲಸ ಒಂದು ಗಂಟೆಯ ಆಸುಪಾಸಿನಲ್ಲೇ ಮುಗಿಯುವುದುಂಟು. ದೊಡ್ಡವರ ಮೂತ್ರಕೋಶ 400ರಿಂದ 500 ಮಿಲಿ ಹಿಡಿದುಕೊಳ್ಳುತ್ತದೆ. 65 ಕೆಜಿ ತೂಕದವರಿಗೆ ಸಾಮಾನ್ಯವಾಗಿ ಗಂಟೆಗೆ 30ರಿಂದ 65 ಮಿಲಿ ಮೂತ್ರ ಬರುತ್ತದೆ. ಡ್ರಿಪ್ ಹೋಗುವಾಗ ಅದು ಎರಡು ಪಟ್ಟಾದರೂ, ಮೇಜಿಗೆ ಏರುವ ಮುಂಚೆ ಖಾಲಿ ಮಾಡಿದ ಮೂತ್ರಕೋಶ ಎರಡು ಗಂಟೆಯಲ್ಲಿ ತುಂಬಿ ತುಳುಕುವುದಿಲ್ಲ.

ಚಿಕಿತ್ಸೆ ಮಾಡುವವರ ಆತಂಕ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಪೂರ್ತಿ ಅರಿವಳಿಕೆ ಇಲ್ಲದೆ ಬರೀ ಮಂಪರಿನಲ್ಲಿರುವ ರೋಗಿಗೆ ಮೂತ್ರಕೋಶ ತುಂಬಿದರೆ ಅವರು ಚಡಪಡಿಸುತ್ತಾರೆ, ಸೊಂಟ ಎತ್ತುತ್ತಾರೆ. ಕಂಪ್ಯೂಟರಿನಲ್ಲಿ ಮೂಡಿಸಿಕೊಂಡ ಹೃದಯದ ಮೂರು ಆಯಾಮದ ನಕ್ಷೆ ಆಗ ಸ್ವಲ್ಪ ಸರಿದುಬಿಡುತ್ತದೆ. ಸರಿದ ನಕ್ಷೆಯ ಮೇಲೆ ಸುಟ್ಟರೆ ತಪ್ಪು ಜಾಗದಲ್ಲಿ ಸುಟ್ಟಂತೆ. ರಕ್ತದೊತ್ತಡವೂ ಏರುತ್ತದೆ. ಆದ್ದರಿಂದ ವೈದ್ಯರು ಟ್ಯೂಬ್ ಬಯಸುವುದು ಬರೀ ಸೋಮಾರಿತನವಲ್ಲ. ಆದರೆ ಈ ತೊಂದರೆಗೆ ಬೇರೆ ದಾರಿಗಳಿವೆ.

ಟ್ಯೂಬಿನಿಂದ ಆಗುವ ಹಾನಿ ಎಲ್ಲ ಆಪರೇಷನ್‌ಗಳಲ್ಲೂ ಒಂದೇ ಅಲ್ಲ. ಅಬ್ಲೇಶನ್‌ನಲ್ಲಿ ಅದು ಬೇರೆಯೇ ತೂಕದ್ದು. ಎಡ ಹೃತ್ಕರ್ಣದೊಳಗೆ ತಂತಿ ಇರುವಷ್ಟು ಹೊತ್ತೂ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಎಸಿಟಿ ಎಂಬ ಪರೀಕ್ಷೆಯ ಅಂಕಿಯನ್ನು 300 ಸೆಕೆಂಡಿನ ಮೇಲೆ ಇಟ್ಟುಕೊಳ್ಳುತ್ತಾರೆ. ಆರೋಗ್ಯವಂತರಲ್ಲಿ ಅದು 100ರಿಂದ 130ರ ಸುತ್ತ ಇರುತ್ತದೆ. ಅದರ ಮೇಲೆ ಎಪಿಕ್ಸಾಬಾನ್‌ನಂಥ ಮಾತ್ರೆಯನ್ನೂ ಈಗ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಹೆಚ್ಚೆಂದರೆ ಒಂದು ಡೋಸ್ ಬಿಡಿಸುತ್ತಾರೆ. ಬೇರೆಯವರಿಗೆ ತಾನಾಗಿಯೇ ನಿಂತುಹೋಗುವ ಮೂತ್ರನಾಳದ ಒಂದು ಸಣ್ಣ ಗೀರು ಇಲ್ಲಿ ಗಂಟೆಗಟ್ಟಲೆ ಸೋರುತ್ತದೆ. ಸೋರಿದ ರಕ್ತ ಮೂತ್ರಕೋಶದಲ್ಲಿ ಹೆಪ್ಪುಗಟ್ಟಿ ಟ್ಯೂಬನ್ನೇ ಮುಚ್ಚುತ್ತದೆ. ಆಗ ಅದನ್ನು ತೆಗೆದು ಮೂರು ಬಾಯಿಯ ದಪ್ಪ ಟ್ಯೂಬ್ ಹಾಕಿ ಸಲೈನ್ ಹರಿಸಿ ತೊಳೆಯಬೇಕು. ರಕ್ತ ನಿಲ್ಲದಿದ್ದರೆ ಕೊನೆಗೆ ರಕ್ತ ತೆಳುಗೊಳಿಸುವ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ.

ಅಪಾಯದ ತಿರುವು ಇರುವುದು ಇಲ್ಲೇ. ಸುಟ್ಟ ಗಾಯ ಹೃದಯದ ಒಳಗೋಡೆಯಲ್ಲಿ ಹಸಿಯಾಗಿರುವ ಮೊದಲ ವಾರಗಳಲ್ಲೇ ಹೆಪ್ಪು ಕಟ್ಟಿ ಪಾರ್ಶ್ವವಾಯು ಆಗುವ ಸಂಭವ ಹೆಚ್ಚು. ಅದಕ್ಕಾಗಿಯೇ ಅಬ್ಲೇಶನ್ ಆದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಈ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು ಎನ್ನುವುದು. ಬೇಕಿಲ್ಲದೆ ಹಾಕಿದ ಟ್ಯೂಬಿನ ಗೀರಿನಿಂದಾಗಿ ಅದೇ ಮಾತ್ರೆ ನಿಂತರೆ, ತೊಂದರೆ ಮೂತ್ರದ ದಾರಿಯಲ್ಲೇ ಉಳಿಯುವುದಿಲ್ಲ. ಟ್ಯೂಬ್ ಹಾಕಿದವರನ್ನೂ ಹಾಕದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮೂತ್ರದಲ್ಲಿ ರಕ್ತ, ಸೋಂಕು, ನೋವು ಇವೆಲ್ಲ ಹಾಕಿದವರಲ್ಲೇ ಹೆಚ್ಚು. ಹಾಕದವರಲ್ಲಿ ಆಮೇಲೆ ಟ್ಯೂಬ್ ಬೇಕಾದವರು ಕೆಲವರೇ.

ಸೋಂಕಿನ ಮಾತನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಟ್ಯೂಬ್ ಒಳಗಿರುವ ಪ್ರತಿ ದಿನಕ್ಕೆ ನೂರರಲ್ಲಿ ಮೂರರಿಂದ ಏಳು ಜನರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ ಎಂಬುದು ಹಳೆಯ, ಒಪ್ಪಿತ ಲೆಕ್ಕ. ಕೆಲವೇ ಗಂಟೆ ಇದ್ದ ಟ್ಯೂಬಿನಿಂದ ಸೋಂಕಿಗಿಂತ ಗೀರಿನ ಹೆದರಿಕೆಯೇ ದೊಡ್ಡದು.

ಇನ್ನು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದಕ್ಕೆ ಬರೋಣ. ಪೇಸ್‌ಮೇಕರ್ ಅಳವಡಿಕೆ, ಶಾಕ್ ಕೊಟ್ಟು ತಾಳ ಸರಿಪಡಿಸುವುದು, ಚಿಕ್ಕ ವಯಸ್ಸಿನವರಲ್ಲಿ ಒಮ್ಮೆಲೇ ಬಡಿತ ಏರುವ ಎಸ್‌ವಿಟಿಗೆ ಮಾಡುವ ಅಬ್ಲೇಶನ್ ಇವುಗಳಲ್ಲಿ ಟ್ಯೂಬಿಗೆ ಜಾಗವೇ ಇಲ್ಲ. ಹೆಚ್ಚೆಂದರೆ ಒಂದೆರಡು ಗಂಟೆಯ ಕೆಲಸ, ಶಾಕ್ ಕೊಡುವಾಗ ಬಿಟ್ಟರೆ ಹೆಚ್ಚಾಗಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಮೊದಲ ಸಲ ಮಾಡುವ ಎರಡು ಮೂರು ಗಂಟೆಯೊಳಗಿನ ಅಬ್ಲೇಶನ್‌ಗೂ ಸಾಮಾನ್ಯವಾಗಿ ಬೇಡ. ಕೆಳಕೋಣೆಗಳಿಂದ ಹೊರಡುವ ಅಪಾಯಕಾರಿ ಬಡಿತಕ್ಕೆ, ಅಂದರೆ ವಿಟಿಗೆ, ಮಾಡುವ ದೀರ್ಘ ಅಬ್ಲೇಶನ್‌ಗೆ ಬೇಕು. ಅಲ್ಲಿ ಹೃದಯ ಮೊದಲೇ ಸೋತಿರುತ್ತದೆ, ನಾಲ್ಕಾರು ಗಂಟೆ ಹಿಡಿಯುತ್ತದೆ, ಪ್ರತಿ ಗಂಟೆಯ ಮೂತ್ರದ ಅಳತೆಯ ಮೇಲೆಯೇ ಔಷಧದ ತೀರ್ಮಾನ ನಿಂತಿರುತ್ತದೆ. ಮೂತ್ರಪಿಂಡ ತೀರಾ ಕುಂದಿದವರಿಗೆ, ಪಂಪ್ ಆಗುವ ಶಕ್ತಿ ಬಹಳ ಕಡಿಮೆ ಇದ್ದು ಮೇಜಿನ ಮೇಲೆಯೇ ಮೂತ್ರ ಇಳಿಸುವ ಇಂಜೆಕ್ಷನ್ ಕೊಡಬೇಕಾದವರಿಗೆ, ಎರಡನೇ ಮೂರನೇ ಸಲದ ಜಟಿಲ ಕೆಲಸಕ್ಕೆ ಹಾಕಿದರೆ ಆಕ್ಷೇಪಿಸಬಾರದು.

ನಿಮ್ಮ ತಂದೆಯವರು ನಡುವಿನ ಗುಂಪಿನವರು. ಪ್ರಾಸ್ಟೇಟ್ ದೊಡ್ಡದಿದೆ ಎಂಬುದು ಟ್ಯೂಬ್ ಹಾಕುವ ಕಾರಣ ಎಂದು ಹಲವರು ಹಿಡಿಯುತ್ತಾರೆ. ನನ್ನ ಎಣಿಕೆಯಲ್ಲಿ ಅದು ಮೊದಲು ಎಚ್ಚರಿಕೆಯ ಮಾತು. ಗೀರುವುದು, ರಕ್ತ ಬರುವುದು, ತೆಗೆದ ಮೇಲೆ ಮೂತ್ರ ಕಟ್ಟುವುದು ಇಂಥವರಲ್ಲೇ ಹೆಚ್ಚು, ನಿಮ್ಮಲ್ಲಿ ಅದು ಒಮ್ಮೆ ಆಗಿಯೂ ಹೋಗಿದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಟ್ಯೂಬ್ ಇಲ್ಲದೆ ಶುರುಮಾಡಿ, ಹೆಪಾರಿನ್ ಪೂರ್ತಿ ಏರಿರುವಾಗ ಮಧ್ಯದಲ್ಲಿ ಅವಸರದಿಂದ ಹಾಕುವುದು ಎಲ್ಲಕ್ಕಿಂತ ಕೆಟ್ಟ ಹೊತ್ತು. ಹಾಕುವುದೇ ಆದರೆ ಹೆಪಾರಿನ್‌ಗೆ ಮುಂಚೆ ಹಾಕಬೇಕು. ಇಲ್ಲವಾದರೆ ಚಿಕಿತ್ಸೆ ಮುಗಿದು, ಹೆಪಾರಿನ್ ಇಳಿದ ಮೇಲೆ, ನಿಜವಾಗಿ ಮೂತ್ರ ಕಟ್ಟಿದರೆ ಮಾತ್ರ.

ಇದನ್ನು ನಿರ್ಧರಿಸಲು ಒಂದು ಸುಲಭದ ಪರೀಕ್ಷೆ ಇದೆ. ಅಬ್ಲೇಶನ್‌ಗೆ ಒಂದೆರಡು ವಾರ ಮುಂಚೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಲು ಹೇಳಿ. ಕಾಸರಗೋಡು, ಕುಂಬಳೆ, ಉಪ್ಪಳದ ಸ್ಕ್ಯಾನಿಂಗ್ ಕೇಂದ್ರಗಳಲ್ಲೇ ಇದು ಆಗುತ್ತದೆ, ಮಂಗಳೂರಿಗೇ ಹೋಗಬೇಕಾಗಿಲ್ಲ. ಉಳಿಕೆ 100 ಮಿಲಿಯೊಳಗಿದ್ದರೆ ಟ್ಯೂಬ್ ಇಲ್ಲದೆ ಹೋಗಲು ಧೈರ್ಯ ಮಾಡಬಹುದು. 200 ದಾಟಿದ್ದರೆ ಮೊದಲು ಯೂರಾಲಜಿ (ಮೂತ್ರರೋಗ) ವೈದ್ಯರನ್ನು ಕಾಣಿರಿ. ಏಟ್ರಿಯಲ್ ಫಿಬ್ರಿಲೇಶನ್‌ನ ಅಬ್ಲೇಶನ್ ಸಾಮಾನ್ಯವಾಗಿ ತುರ್ತಿನದಲ್ಲ. ಪ್ರಾಸ್ಟೇಟ್ ಔಷಧ ಸರಿಹೊಂದಿಸಿ ಎರಡು ಮೂರು ವಾರ ತಡವಾಗಿ ಮಾಡಿಸಿದರೆ ನಷ್ಟವಿಲ್ಲ. ಜೊತೆಗೆ ಒಂದು ಸಾದಾ ಮೂತ್ರ ಪರೀಕ್ಷೆ. ಉರಿಮೂತ್ರ, ಜ್ವರ ಇದ್ದರೆ ಅದನ್ನು ವಾಸಿ ಮಾಡಿಕೊಂಡೇ ಹೋಗಬೇಕು.

ಮನೆಯಲ್ಲಿ ಮಾಡಬೇಕಾದ ತಯಾರಿಗೆ ಯಾರೂ ಗಮನ ಕೊಡುವುದಿಲ್ಲ. ಟ್ಯಾಮ್ಸುಲೋಸಿನ್ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋಗುವಾಗ ಹೃದಯದ ಮಾತ್ರೆಗಳನ್ನೆಲ್ಲ ಕಟ್ಟಿಕೊಂಡು ಇದೊಂದನ್ನು ಮನೆಯಲ್ಲೇ ಬಿಟ್ಟುಬರುವುದು ಆಗಾಗ ನಡೆಯುತ್ತದೆ, ಎರಡು ದಿನ ತಪ್ಪಿದರೆ ಸಾಕು, ಮೂತ್ರ ಕಟ್ಟಲು ದಾರಿಯಾಗುತ್ತದೆ. ಮೆಡಿಕಲ್ ಶಾಪಿನಿಂದ ತರುವ ನೆಗಡಿ ಮಾತ್ರೆಗಳನ್ನು ಆ ವಾರ ಮುಟ್ಟಲೇಬೇಡಿ. ಅವುಗಳಲ್ಲಿರುವ ಮೂಗು ಬಿಡಿಸುವ ಔಷಧ ಮೂತ್ರಕೋಶದ ಬಾಯಿಯನ್ನು ಬಿಗಿಗೊಳಿಸುತ್ತದೆ, ಎದೆಬಡಿತವನ್ನೂ ಕೆಡಿಸುತ್ತದೆ. ಮಲಬದ್ಧತೆ ಇದ್ದರೆ ಮೊದಲೇ ಸರಿಮಾಡಿಕೊಳ್ಳಿ. ಗುದದಲ್ಲಿ ಗಟ್ಟಿ ಮಲ ತುಂಬಿದ್ದರೆ ಮೂತ್ರ ಸರಾಗ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಸಿನ್ ಅಥವಾ ಎಂಪಾಗ್ಲಿಫ್ಲೋಸಿನ್ ಇದ್ದರೆ ಅದನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಅವು ಮೂತ್ರ ಹೆಚ್ಚಿಸುತ್ತವೆ, ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ಆದರೆ ನೀವಾಗಿ ನಿಲ್ಲಿಸದೆ ಕೇಳಿ ನಿಲ್ಲಿಸಿ. ಎಪಿಕ್ಸಾಬಾನ್ ಅಂತೂ ಅವರು ಬರೆದುಕೊಟ್ಟ ಹಾಗೆಯೇ.

ಇನ್ನೊಂದು ಅಭ್ಯಾಸ ತೀರಾ ಉಪಯುಕ್ತ. ಗಂಡಸರಿಗೆ ಮಲಗಿ ಮೂತ್ರ ಮಾಡಲು ಬರುವುದಿಲ್ಲ. ತೋಟದಲ್ಲಿ, ಬಚ್ಚಲಿನಲ್ಲಿ ಜೀವಮಾನವಿಡೀ ನಿಂತೋ ಕುಕ್ಕುರುಗಾಲಲ್ಲಿ ಕೂತೋ ಮಾಡಿದವರು, ವಾರ್ಡಿನಲ್ಲಿ ಕಾಲು ನೆಟ್ಟಗೆ ಚಾಚಿ ಮಲಗಿ, ಪರದೆಯ ಆಚೆ ಯಾರೋ ನಿಂತಿರುವಾಗ ಮಾಡು ಎಂದರೆ ಹೇಗೆ ಬಂದೀತು? ಪ್ಲಾಸ್ಟಿಕ್ ಯೂರಿನ್ ಪಾಟ್ ಒಂದನ್ನು ವಾರ ಮುಂಚೆಯೇ ತಂದು, ಮನೆಯಲ್ಲಿ ಹಾಸಿಗೆಯ ಮೇಲೆ ತಲೆಯ ಕಡೆ ಎರಡು ದಿಂಬು ಇಟ್ಟು, ಕೊಳವೆ ಹಾಕುವ ಬಲಗಾಲು ಮಡಿಸದೆ ನಾಲ್ಕಾರು ಸಲ ಅಭ್ಯಾಸ ಮಾಡಿಸಿ. ಎಡಕ್ಕೆ ಹೊರಳಿ ಪಾಟ್ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಸುಲಭ. ಅದೇ ಪಾಟನ್ನು ಆಸ್ಪತ್ರೆಗೂ ಒಯ್ಯಿರಿ.

ಆ ದಿನ ಮೂತ್ರಕ್ಕೆ ಹೆದರಿ ನೀರು ಬಿಡಬಾರದು. ಊಟ ಆರು ಗಂಟೆ ಮುಂಚೆ ನಿಲ್ಲಿಸಿದರೂ, ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೆ ಕುಡಿಯಲು ಅರಿವಳಿಕೆಯವರು ಬಹುತೇಕ ಬಿಡುತ್ತಾರೆ. ಅವರು ಹೇಳಿದ ಹೊತ್ತನ್ನೇ ಹಿಡಿಯಿರಿ. ನಸುಕಿನಲ್ಲಿ ಬದಿಯಡ್ಕದಿಂದ ಹೊರಟು ಕುಂಬಳೆ, ತಲಪಾಡಿ ದಾಟಿ ಹೋಗುವ ದಾರಿಯುದ್ದಕ್ಕೂ ಬಾಯಿ ಒಣಗಿಸಿಕೊಂಡು ಹೋದರೆ ತೊಡೆಯ ಅಭಿಧಮನಿ ಸೊರಗಿ ಸೂಜಿ ಹಾಕಲು ಕಷ್ಟವಾಗುತ್ತದೆ, ಅರಿವಳಿಕೆ ಕೊಡುತ್ತಲೇ ರಕ್ತದೊತ್ತಡ ಕುಸಿಯುತ್ತದೆ, ಅದಕ್ಕೆ ಮತ್ತೆ ಡ್ರಿಪ್ ಏರಿಸುತ್ತಾರೆ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಬೆಳಗ್ಗೆ ಏಳಕ್ಕೆ ಗೌನ್ ತೊಡಿಸುವಾಗ ಮೂತ್ರ ಮಾಡಿಸಿರುತ್ತಾರೆ. ಆದರೆ ಹಿಂದಿನ ಕೇಸ್ ತಡವಾಗಿ, ಅಬ್ಲೇಶನ್ ಮಾಡುವ ಕೋಣೆಯಾದ ಕ್ಯಾತ್ ಲ್ಯಾಬಿನಿಂದ ಕರೆ ಬರುವಾಗ ಹತ್ತೂವರೆ. ಅಷ್ಟರಲ್ಲಿ ಡ್ರಿಪ್ ಅರ್ಧ ಬಾಟಲಿ ಹೋಗಿರುತ್ತದೆ, ಯಾರೂ ಮತ್ತೆ ಕೇಳುವುದಿಲ್ಲ. ತುಂಬಿದ ಮೂತ್ರಕೋಶದೊಂದಿಗೆ ಮೇಜು ಏರಿದವರಿಗೆ ಒಂದು ಗಂಟೆಯಲ್ಲೇ ಚಡಪಡಿಕೆ ಶುರು. ಸ್ಟ್ರೆಚರ್ ಬಂದಾಗ, ಅದಕ್ಕೆ ಹತ್ತುವ ಮುಂಚೆ, ಇನ್ನೊಮ್ಮೆ ಟಾಯ್ಲೆಟ್ಟಿಗೆ ಹೋಗಿ ಬರುತ್ತೇನೆ ಎಂದು ಹೇಳಲು ತಂದೆಯವರಿಗೆ ಕಲಿಸಿಕೊಡಿ. ಐದು ನಿಮಿಷ ಕಾಯುವುದಕ್ಕೆ ಯಾರೂ ಬೇಡ ಎನ್ನುವುದಿಲ್ಲ.

ಡಾಕ್ಟರರ ಹತ್ತಿರ ಮಾತಾಡುವಾಗ ಹೀಗೆ ಕೇಳಿ: ಕೆಲಸ ಎಷ್ಟು ಹೊತ್ತಿನದು, ಸುಡುವುದೋ ಬಲೂನೋ ಮಿಡಿತವೋ, ಪೂರ್ತಿ ಅರಿವಳಿಕೆಯೋ ಮಂಪರೋ, ಟ್ಯೂಬ್ ಇಲ್ಲದೆ ಶುರುಮಾಡಿ ಕೊನೆಗೆ ಮೂತ್ರಕೋಶದ ಸ್ಕ್ಯಾನ್ ಮಾಡಿ ನೋಡಬಹುದೇ. ಹಿಂದಿನ ಸಲ ರಕ್ತ ಬಂದದ್ದನ್ನೂ ಮೂತ್ರ ಕಟ್ಟಿದ್ದನ್ನೂ ಅರಿವಳಿಕೆ ವೈದ್ಯರಿಗೆ ಪ್ರತ್ಯೇಕವಾಗಿ ಹೇಳಿ. ಹೃದಯದ ವೈದ್ಯರಿಗೆ ಹೇಳಿದ್ದು ಅವರಿಗೆ ತಲುಪಿರುತ್ತದೆ ಎಂದು ನಂಬಬೇಡಿ. ಗ್ಲೈಕೋಪೈರೋಲೇಟ್, ಅಟ್ರೋಪಿನ್, ನೋವಿಗೆ ಕೊಡುವ ಫೆಂಟಾನಿಲ್ ಎಲ್ಲವೂ ಮೂತ್ರ ಕಟ್ಟಿಸುವಂಥವು. ಮೊದಲೇ ಗೊತ್ತಿದ್ದರೆ ಅವರು ಅಳತೆ ನೋಡಿ ಕೊಡುತ್ತಾರೆ. ಮಂಪರಿನಲ್ಲಿ ಮಾಡುವುದಾದರೆ ಗಂಡಸರಿಗೆ ಹೊರಗಿನಿಂದ ತೊಡಿಸುವ ಕಾಂಡೋಮ್ ಮಾದರಿಯ ಚೀಲ ಹಾಕಬಹುದು. ಅದು ಮೂತ್ರನಾಳದ ಒಳಗೆ ಹೋಗುವುದಿಲ್ಲ, ಹಾಸಿಗೆ ಒದ್ದೆಯಾಗುವ ಭಯವೂ ಇರುವುದಿಲ್ಲ. ಆದರೆ ಮೂತ್ರ ಕಟ್ಟಿದವರಿಗೆ ಅದರಿಂದ ಪ್ರಯೋಜನವಿಲ್ಲ. ಹೆಂಗಸರಿಗೆ ಹೀರುವ ಪ್ಯಾಡ್ ಮತ್ತು ಬೆಡ್‌ಪ್ಯಾನ್ ಸಾಕಾಗುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಒಂದು ಮಾತು. ಅಬ್ಲೇಶನ್‌ನ ಒಪ್ಪಿಗೆ ಪತ್ರದಲ್ಲಿ ಮೂತ್ರದ ಟ್ಯೂಬಿನ ಉಲ್ಲೇಖ ಹೆಚ್ಚಾಗಿ ಇರುವುದೇ ಇಲ್ಲ. ಪರಿಯಾರಂ, ಕಣ್ಣೂರು ಕಡೆ ಹೋದರೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಕನ್ನಡ ಮಾತ್ರ ಓದಬಲ್ಲ ಹಿರಿಯರು ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಮಂಗಳೂರಿನಲ್ಲಾದರೂ ಓದಿ ಹೇಳಿಸಿಕೊಳ್ಳಿ. ಟ್ಯೂಬ್ ಬಗ್ಗೆ ತೀರ್ಮಾನವಾದದ್ದನ್ನು ಕೇಸ್ ಶೀಟಿನಲ್ಲಿ ಬರೆಸಿ. ಬೆಳಗ್ಗೆ ಡ್ಯೂಟಿಗೆ ಬರುವ ನರ್ಸ್ ಬೇರೆಯವರು, ಅವರು ನೋಡುವುದು ಬರೆದದ್ದನ್ನು ಮಾತ್ರ.

ಮುಗಿದ ಮೇಲೆ ವಾರ್ಡಿನಲ್ಲೇ ನಿಜವಾದ ಪರೀಕ್ಷೆ. ತೊಡೆಸಂದಿಯ ಅಭಿಧಮನಿಯಿಂದ ಕೊಳವೆ ತೆಗೆದ ಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಿಸದೆ ಮಲಗಿರಬೇಕು. ಎಂಟರ ಆಕಾರದ ಹೊಲಿಗೆ ಹಾಕಿದರೆ ಅಥವಾ ರಂಧ್ರ ಮುಚ್ಚುವ ಸಾಧನ ಬಳಸಿದರೆ ಬೇಗ ಎಬ್ಬಿಸುತ್ತಾರೆ, ಕೆಲವೊಮ್ಮೆ ಎರಡೇ ಗಂಟೆಯಲ್ಲಿ. ಪ್ರಾಸ್ಟೇಟ್ ಇರುವವರಿಗೆ ಇದೊಂದೇ ಕಾರಣಕ್ಕೆ ಆ ಹೊಲಿಗೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಹೋದ ಸಲೈನನ್ನು ಹೊರಹಾಕಲು ಕೊನೆಯಲ್ಲಿ ಫ್ಯೂರೋಸೆಮೈಡ್, ಅಂದರೆ ಲಾಸಿಕ್ಸ್ ಇಂಜೆಕ್ಷನ್ ಕೊಡುವುದುಂಟು. ರಕ್ತನಾಳಕ್ಕೆ ಕೊಟ್ಟರೆ ಅದು ಐದು ನಿಮಿಷದಲ್ಲಿ ಶುರುವಾಗಿ ಅರ್ಧ ಗಂಟೆಗೆ ಜೋರಾಗುತ್ತದೆ, ಸುಮಾರು ಎರಡು ಗಂಟೆ ಇರುತ್ತದೆ. ಮಂಪರು ಪೂರ್ತಿ ಇಳಿಯದ, ಕಾಲು ಅಲುಗಾಡಿಸಬಾರದ ಹೊತ್ತಿಗೇ ಇದನ್ನು ಕೊಟ್ಟರೆ ಅರ್ಧ ಗಂಟೆಯಲ್ಲಿ ಮೂತ್ರಕೋಶ ಉಬ್ಬಿ, ತಾನಾಗಿ ಹೊರಗೆ ಬಿಡಲಾಗದ ಸ್ಥಿತಿಗೆ ಬರುತ್ತದೆ. ಉಸಿರಾಟದ ತೊಂದರೆ ಇಲ್ಲದವರಿಗೆ, ಎದ್ದು ನಿಲ್ಲಲು ಬಿಡುವ ಹೊತ್ತಿಗೆ ಹೊಂದಿಸಿ ಕೊಡಬಹುದೇ ಎಂದು ಕೇಳಿದರೆ ತಪ್ಪಿಲ್ಲ.

ಮೂತ್ರ ಬಾರದೆ ಹೊಟ್ಟೆಯ ಕೆಳಭಾಗ ಬಿಗಿದರೆ ಮೊದಲು ಮಂಚದ ತಲೆಭಾಗವನ್ನು 30 ಡಿಗ್ರಿಯಷ್ಟು ಎತ್ತಿಸಿ, ಪರದೆ ಎಳೆಯಿರಿ, ನೋಡಲು ಬಂದ ನೆಂಟರನ್ನು ಹೊರಗೆ ಕಳಿಸಿ, ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿ. ಆದರೂ ಬಾರದಿದ್ದರೆ ಸ್ಕ್ಯಾನರ್ ಇಟ್ಟು ಅಳೆಯಬೇಕು. 400 ಮಿಲಿಯೊಳಗಿದ್ದು ಉರಿತ ಇಲ್ಲದಿದ್ದರೆ ಕಾಯಬಹುದು. 500 ದಾಟಿದರೆ ಕಾಯಬಾರದು. ಅತಿಯಾಗಿ ಹಿಗ್ಗಿದ ಮೂತ್ರಕೋಶ ತನ್ನ ಹಿಡಿತ ಕಳೆದುಕೊಂಡರೆ ದಿನಗಟ್ಟಲೆ ಟ್ಯೂಬ್ ಬೇಕಾಗುತ್ತದೆ. ಆಗಲೂ ಮೊದಲ ಆಯ್ಕೆ, ಒಮ್ಮೆ ಹಾಕಿ ಖಾಲಿ ಮಾಡಿ ಆಗಲೇ ತೆಗೆಯುವ ತೆಳು ಟ್ಯೂಬ್.

ಟ್ಯೂಬ್ ಒಳಗೆ ಇಡಲೇಬೇಕಾಗಿ ಬಂದರೆ ಹಾಕುವ ಕೈ ಮುಖ್ಯ. ಗಂಡಸರಿಗೆ 14 ಅಥವಾ 16 ಅಳತೆಯದು. ಮೂತ್ರನಾಳಕ್ಕೆ 10 ಮಿಲಿ ಲಿಗ್ನೊಕೇನ್ ಜೆಲ್ ತುಂಬಿ ಮೂರರಿಂದ ಐದು ನಿಮಿಷ ಕಾಯಬೇಕು. ಅವಸರದಲ್ಲಿ ತಪ್ಪಿಹೋಗುವುದು ಈ ಕಾಯುವಿಕೆಯೇ. ಮೂತ್ರ ಬರಲು ಶುರುವಾದ ಕೂಡಲೇ ಬಲೂನ್ ಉಬ್ಬಿಸಬಾರದು. ಟ್ಯೂಬನ್ನು ಕವಲಿನವರೆಗೆ ಪೂರ್ತಿ ಒಳಗೆ ತಳ್ಳಿಯೇ 10 ಮಿಲಿ ಶುದ್ಧ ನೀರು ತುಂಬಬೇಕು. ಬಲೂನ್ ಪ್ರಾಸ್ಟೇಟಿನ ನಡುವೆ ಉಬ್ಬಿದರೆ ಮೂತ್ರನಾಳ ಹರಿಯುತ್ತದೆ, ಹೆಪಾರಿನ್ ಇರುವಾಗ ಅದು ಸಣ್ಣ ರಕ್ತಸ್ರಾವವಲ್ಲ. ಅಡ್ಡಬಂದ ಕಡೆ ಬಲ ಹಾಕಿ ತಳ್ಳಬಾರದು. ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಟ್ಯೂಬ್ ಪ್ರಾಸ್ಟೇಟ್ ದಾಟಲು ಅನುಕೂಲ. ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಯೂರಾಲಜಿಯವರನ್ನು ಕರೆಸುವುದೇ ಸರಿ. ಹಾಕಿದ ಮೇಲೆ ತೊಡೆಗೆ ಟೇಪ್ ಅಂಟಿಸಿ ಎಳೆತ ಬಾರದಂತೆ ನೋಡಿಕೊಳ್ಳಿ, ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ. ಎದ್ದು ಓಡಾಡುವಂತಾದ ಕೂಡಲೇ, ಸಾಧ್ಯವಾದರೆ ಅದೇ ಸಂಜೆ, ತೆಗೆಸಿ.

ತೆಗೆದ ಮೇಲೂ, ಹಾಕದಿದ್ದರೂ, ಸರಾಗವಾಗಿ ಮೂತ್ರ ಮಾಡದೆ ಆಸ್ಪತ್ರೆಯಿಂದ ಹೊರಡಬೇಡಿ. ಮಂಗಳೂರಿನವರಿಗೆ ರಾತ್ರಿ ತೊಂದರೆಯಾದರೆ ಹತ್ತು ನಿಮಿಷದಲ್ಲಿ ವಾಪಸು ಹೋಗಬಹುದು. ಪೆರ್ಲ, ಮುಳ್ಳೇರಿಯ, ಅಡೂರಿನ ಒಳಗಿನ ಮನೆಗೆ ಹೋದವರಿಗೆ ಹಾಗಲ್ಲ. ಎರಡು ಸಲವಾದರೂ ಮೂತ್ರ ಮಾಡಿ, ಉಳಿಕೆ 150ರಿಂದ 200 ಮಿಲಿಯ ಕೆಳಗಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಕೊಂಡೇ ಕಾರು ಹತ್ತಲಿ. ಬೆಳಗ್ಗೆ ಬಿಡುಗಡೆಯಾದರೆ ಇದಕ್ಕೆಲ್ಲ ಹೊತ್ತು ಸಿಗುತ್ತದೆ.

ಮನೆಗೆ ಬಂದ ಮೇಲೆ ಮೂತ್ರದ ಬಣ್ಣ ನೋಡುತ್ತಿರಿ. ಟ್ಯೂಬ್ ಹಾಕಿದವರಿಗೆ ಒಂದೆರಡು ದಿನ ನಸುಗೆಂಪು ಬರಬಹುದು, ಹೆಪ್ಪು ಬಿದ್ದರೆ ಅಥವಾ ಕಡುಗೆಂಪಾದರೆ ಕೂಡಲೇ ಫೋನ್ ಮಾಡಿ. ಎಪಿಕ್ಸಾಬಾನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಮಾಡಿಸಿಕೊಂಡವರಿಗೆ ಟ್ಯೂಬ್ ಹಾಕದಿದ್ದರೂ ಮೊದಲ ದಿನ ಕಂದು ಅಥವಾ ಕೆಂಪು ಮೂತ್ರ ಬರುವುದುಂಟು. ವಿದ್ಯುತ್ ಮಿಡಿತಕ್ಕೆ ಕೆಲವು ಕೆಂಪು ರಕ್ತಕಣ ಒಡೆದು ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ನೀರು ಕುಡಿದರೆ ತಿಳಿಯಾಗುತ್ತದೆ. ಆದರೂ ಆಸ್ಪತ್ರೆಗೆ ತಿಳಿಸಿ, ಮೂತ್ರದ ಪ್ರಮಾಣ ಕಡಿಮೆಯಾದರೆ ಮೂತ್ರಪಿಂಡದ ಪರೀಕ್ಷೆ ಬೇಕು.

ಕೊನೆಯದಾಗಿ ಜ್ವರದ ವಿಷಯ, ಇದನ್ನು ಮನೆಯವರೆಲ್ಲ ತಿಳಿದಿರಬೇಕು. ಮೊದಲ ವಾರದಲ್ಲಿ ಉರಿಮೂತ್ರದ ಜೊತೆ ಜ್ವರ ಬಂದರೆ ಮೂತ್ರದ ಸೋಂಕು ಇರಬಹುದು. ಮೂತ್ರದ ಕಲ್ಚರ್‌ಗೆ ಕೊಟ್ಟು, ವೈದ್ಯರು ಬರೆದ ಔಷಧವನ್ನೇ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನಿಂದ ನೇರವಾಗಿ ಸಿಪ್ರೋಫ್ಲೋಕ್ಸಾಸಿನ್ ತರಬೇಡಿ; ಬಡಿತದ ತಾಳ ಹಿಡಿದಿಡುವ ಅಮಿಯೋಡರೋನ್, ಸೋಟಲಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಬಡಿತ ಅಪಾಯಕಾರಿಯಾಗಿ ಕೆಡಬಹುದು. ರಕ್ತ ತೆಳುಗೊಳಿಸುವ ಅಸಿಟ್ರಾಮ್, ವಾರ್ಫರಿನ್ ಇರುವವರಿಗೆ ಕೋಟ್ರೈಮಾಕ್ಸಜೋಲ್ ಎಂಬ ಸೋಂಕಿನ ಔಷಧ ಕೊಟ್ಟರೆ ರಕ್ತ ವಿಪರೀತ ತೆಳುವಾಗುತ್ತದೆ. ಆದರೆ ಒಂದರಿಂದ ಎಂಟು ವಾರದೊಳಗೆ ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ರಕ್ತ ವಾಂತಿ ಇವುಗಳಲ್ಲಿ ಯಾವುದಾದರೂ ಕಂಡರೆ ಅದನ್ನು ಮೂತ್ರದ ಸೋಂಕು ಎಂದು ಹೇಳಿ ಮಾತ್ರೆ ನುಂಗಿ ಮಲಗಬಾರದು. ಸುಡುವ ವಿಧಾನದಲ್ಲಿ ಬಹಳ ಅಪರೂಪಕ್ಕೆ, ಹೃತ್ಕರ್ಣದ ಹಿಂದೆಯೇ ಇರುವ ಅನ್ನನಾಳಕ್ಕೆ ಬಿಸಿ ತಾಗಿ ಎರಡರ ನಡುವೆ ರಂಧ್ರವಾಗುತ್ತದೆ. ತಡವಾದರೆ ಉಳಿಯುವುದು ಕಷ್ಟ. ಅದನ್ನು ಪತ್ತೆ ಮಾಡುವುದು ಎದೆಯ ಸಿಟಿ ಸ್ಕ್ಯಾನ್‌ನಿಂದ. ಬಾಯಿಯ ಮೂಲಕ ಎಂಡೋಸ್ಕೋಪಿ ಮಾಡಬಾರದು. ಒಳಗೆ ಊದುವ ಗಾಳಿ ಹೃದಯಕ್ಕೂ ಅಲ್ಲಿಂದ ಮೆದುಳಿಗೂ ಹೋಗುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಮನೆಯಲ್ಲಿ, ಒಂದು ತಂದೆಯವರ ಚೀಲದಲ್ಲಿ ಇರಲಿ. ಊರಿನ ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಇಂಥ ದಿನಾಂಕಕ್ಕೆ ಹೃದಯದ ಅಬ್ಲೇಶನ್ ಆಗಿದೆ ಎಂದು ಹೇಳಿ, ಅದೇ ದಿನ ಅಬ್ಲೇಶನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.